ಧರೆಯಂಚಿನಲ್ಲಿ ಕಾರ್ ಶೆಡ್: ಮಣ್ಣು ಮುಟ್ಟುವ ಮೊದಲು ಸಲಹೆ ಬೇಕಾಗಿದೆ

ಕೊಪ್ಪದ ಅಡಿಕೆ ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಪ್ಪ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಪಂಚಾಯಿತಿ ರಸ್ತೆ ಮೇಲುಗಡೆ ಹಾದುಹೋಗುತ್ತದೆ, ಮನೆ ಅದಕ್ಕಿಂತ ಸುಮಾರು ಮೂವತ್ತು ಅಡಿ ಕೆಳಗಿದೆ. ರಸ್ತೆಯ ಅಂಚಿಗೆ ಹೊಂದಿಕೊಂಡಂತೆ ಹನ್ನೆರಡು ಅಡಿ ಅಗಲದ ಒಂದು ಸಮತಟ್ಟು ಜಾಗವಿದ್ದು, ಅಲ್ಲಿಂದಾಚೆಗೆ ಹತ್ತು ಅಡಿ ದೂರದೊಳಗೆ ನೆಲ ಒಂಬತ್ತು ಅಡಿ ಇಳಿಯುತ್ತದೆ. ಇಂಥ ಕಡಿದಾದ ಮಣ್ಣಿನ ಇಳಿಜಾರನ್ನೇ ನಮ್ಮ ಕಡೆ ಧರೆ ಎನ್ನುವುದು. ಅದರ ಕೆಳಗೆ ಇಳಿಜಾರು ಸ್ವಲ್ಪ ಸೌಮ್ಯವಾಗಿ ಮನೆಯ ಹಿತ್ತಿಲಿನವರೆಗೂ ಬರುತ್ತದೆ. ಕಾರು ಮತ್ತು ಜೀಪು ಎರಡೂ ಈಗ ರಸ್ತೆ ಬದಿಯಲ್ಲಿ ಸಿಲ್ವರ್ ಮರದ ಕೆಳಗೆ ನಿಲ್ಲುತ್ತವೆ. ಕಳೆದ ಮಳೆಗಾಲದಲ್ಲಿ ಕೊಂಬೆ ಬಿದ್ದು ಕಾರಿನ ಗಾಜು ಒಡೆಯಿತು, ಬಾನೆಟ್ಟಿನೊಳಗೆ ಇಲಿ ಸೇರಿ ವೈರು ಕಡಿಯಿತು. ಹಾಗಾಗಿ ಈ ಬೇಸಿಗೆಯಲ್ಲಿ ಶೆಡ್ ಕಟ್ಟಲೇಬೇಕೆಂದು ತೀರ್ಮಾನಿಸಿದ್ದೇವೆ.

ಜೆಸಿಬಿಯವರು ಬಂದು ನೋಡಿ ಎರಡು ದಾರಿ ಹೇಳಿದ್ದಾರೆ. ಒಂದು, ಕೆಳಗೆ ಅಂಗಳದವರೆಗೂ ಬರುವ ಜೀಪಿನ ದಾರಿಯ ಕೊನೆಯಲ್ಲಿ, ಹಿತ್ತಿಲ ಕಡೆಯ ಇಳಿಜಾರಿನ ಬುಡವನ್ನು ಹನ್ನೆರಡು ಅಡಿ ಎತ್ತರಕ್ಕೆ ನೇರವಾಗಿ ಕಡಿದು ಅಲ್ಲಿ ಶೆಡ್ ಮಾಡುವುದು. ಎರಡು, ಮೇಲೆ ರಸ್ತೆಯ ಪಕ್ಕದಲ್ಲಿ ತಡೆಗೋಡೆ ಕಟ್ಟಿ, ಒಳಗೆ ಮಣ್ಣು ತುಂಬಿ, ಇಪ್ಪತ್ತೆರಡು ಅಡಿ ಉದ್ದ ಹದಿನೆಂಟು ಅಡಿ ಅಗಲದ ಜಗಲಿ ಮಾಡಿ ಎರಡೂ ಗಾಡಿಗಳನ್ನು ನಿಲ್ಲಿಸುವುದು. ಮೊದಲನೆಯದಕ್ಕೆ ಒಂದೇ ದಿನ ಸಾಕು ಎನ್ನುತ್ತಾರೆ. ಹಿತ್ತಿಲ ಕಡೆಯ ಕೋಣೆಯಲ್ಲಿ ಅಮ್ಮ ಮಲಗುತ್ತಾರೆ, ಆದ್ದರಿಂದ ನನಗೆ ಧೈರ್ಯ ಬರುತ್ತಿಲ್ಲ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಮಡಿಕೇರಿ ಬರೆಮನೆ:

ದಯವಿಟ್ಟು ಬುಡ ಕಡಿಯಬೇಡಿ. ಮಿಕ್ಕ ವಿಚಾರವೆಲ್ಲ ಆಮೇಲೆ.

ನಾವು ಕೂಡ ಇದನ್ನೇ ಮಾಡಿದ್ದೆವು. 2016ರ ಬೇಸಿಗೆಯಲ್ಲಿ ಮನೆಯ ಪಕ್ಕದ ಬರೆಯನ್ನು (ನೀವು ಧರೆ ಎನ್ನುವುದನ್ನೇ ನಾವು ಬರೆ ಎನ್ನುತ್ತೇವೆ) ಹನ್ನೊಂದು ಅಡಿ ಎತ್ತರಕ್ಕೆ ಕಡಿಸಿ, ಮುಂದೆ ಕಲ್ಲಿನ ಗೋಡೆ ಕಟ್ಟಿ, ಮೇಲೆ ಶೀಟು ಹಾಕಿ ಶೆಡ್ ಮಾಡಿಕೊಂಡೆವು. ಕಡಿದಾಗ ಮಣ್ಣು ಬೆಣ್ಣೆ ಕತ್ತರಿಸಿದಂತೆ ನೇರವಾಗಿ ನಿಂತಿತು. ಇಷ್ಟು ಗಟ್ಟಿಯಾಗಿರುವಾಗ ಏನಾಗುತ್ತದೆ ಎಂದು ನಾವೂ ಅಂದುಕೊಂಡೆವು. 2016 ಮತ್ತು 2017ರ ಮಳೆಗಾಲ ಏನೂ ಆಗದೆ ಕಳೆಯಿತು. 2018ರ ಆಗಸ್ಟ್‌ನಲ್ಲಿ ಮಳೆ ಬಿಡದೆ ಹೊಯ್ದಾಗ, ಗೋಡೆಯಲ್ಲಿ ಇಟ್ಟಿದ್ದ ಆರು ಪೈಪುಗಳಿಂದ ಮೂರು ದಿನ ತಿಳಿನೀರು ಸುರಿಯಿತು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಹಾಲು ತರಲು ಹೊರಟವನು ನೋಡುತ್ತೇನೆ, ನಡುವಿನ ಎರಡು ಪೈಪುಗಳಲ್ಲಿ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಎರಡೂ ಪೈಪುಗಳು ಪೂರ್ತಿ ನಿಂತುಹೋದವು. ಮಳೆ ನಿಂತಿರಲಿಲ್ಲ, ಪೈಪು ಮಾತ್ರ ನಿಂತಿತ್ತು. ತಂದೆಯವರು ಮೇಲೆ ಕಾಫಿ ಗಿಡಗಳ ನಡುವೆ ಹೋಗಿ ನೋಡಿದರೆ, ಬರೆಯ ಅಂಚಿನಿಂದ ಹದಿನೈದು ಅಡಿ ಹಿಂದೆ, ಕುಡುಗೋಲಿನ ಬಾಗಿನಂತೆ ಒಂದು ಬಿರುಕು ಬಿದ್ದಿತ್ತು. ಅದರೊಳಗೆ ಅಂಗೈ ಇಳಿಸಬಹುದಾಗಿತ್ತು. ಅಂದು ಸಂಜೆಯೇ ದನಗಳನ್ನು ಬಿಚ್ಚಿ, ಮನೆ ಬಿಟ್ಟು ನೆಂಟರ ಮನೆಗೆ ಹೋದೆವು. ರಾತ್ರಿ ಶೆಡ್ ಮತ್ತು ಅದಕ್ಕೆ ತಾಗಿದ ಅಡುಗೆಮನೆ ಎರಡೂ ಮಣ್ಣಿನಡಿಯಾದವು.

ಅದೇ ಮಳೆಯಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆಗಳಲ್ಲಿ ಗುಡ್ಡಗಳು ಕುಸಿದದ್ದನ್ನು ತಾವೆಲ್ಲ ಕೇಳಿದ್ದೀರಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಆಮೇಲೆ ಕೊಡಗಿನಲ್ಲಿ ಪರಿಶೀಲಿಸಿ, ಮನೆಗಾಗಿ, ರಸ್ತೆಗಾಗಿ ಇಳಿಜಾರನ್ನು ಕಡಿದು ಆಧಾರವಿಲ್ಲದೆ ಬಿಟ್ಟದ್ದನ್ನು ಕುಸಿತದ ಮುಖ್ಯ ಕಾರಣಗಳಲ್ಲಿ ಒಂದಾಗಿ ಹೇಳಿದರು. ನಮ್ಮದು ಆ ಮಾತಿಗೆ ಒಂದು ಸಣ್ಣ ಉದಾಹರಣೆ.

ತೀರ್ಥಹಳ್ಳಿ ದಾರಿ:

ಮೇಲಿನವರಿಗೆ ಆದ ನಷ್ಟ ಓದಿ ಬೇಸರವಾಯಿತು. ಆದರೂ ನನ್ನ ಅನುಭವ ಬೇರೆ ಎಂದು ಹೇಳಬೇಕಾಗಿದೆ. ನಾವು ಧರೆ ಕಡಿದು ಶೆಡ್ ಮಾಡಿ ಹದಿನೈದು ವರ್ಷವಾಯಿತು. ಹತ್ತು ಅಡಿ ಎತ್ತರವಿದೆ, ಗೋಡೆಯನ್ನೂ ಕಟ್ಟಿಲ್ಲ, ಇಂದಿಗೂ ಒಂದು ಬುಟ್ಟಿ ಮಣ್ಣು ಬಿದ್ದಿಲ್ಲ. ಎಲ್ಲ ಕಡೆಯ ಮಣ್ಣೂ ಒಂದೇ ರೀತಿ ಇರುವುದಿಲ್ಲವಲ್ಲ. ಹೆದರಿಕೆಯಿಂದ ಯಾರೂ ಮನೆ ಕಟ್ಟದೆ ಇರಲಾಗುವುದಿಲ್ಲ.

ಕಟ್ಟಡ ಲೆಕ್ಕ:

ನಾನು ಸಿವಿಲ್ ಎಂಜಿನಿಯರ್, ಮಲೆನಾಡಿನಲ್ಲೇ ಕೆಲಸ ಮಾಡುತ್ತೇನೆ. ತೀರ್ಥಹಳ್ಳಿ ದಾರಿಯವರು ಹೇಳಿದ್ದರಲ್ಲಿ ಒಂದು ಅಂಶ ಪೂರ್ತಿ ನಿಜ: ಮಣ್ಣು ಎಲ್ಲ ಕಡೆ ಒಂದೇ ಅಲ್ಲ. ಗಟ್ಟಿ ಜಂಬಿಟ್ಟಿಗೆಯ ಧರೆ ತಲೆಮಾರುಗಳ ಕಾಲ ನಿಂತದ್ದನ್ನು ನಾನೂ ನೋಡಿದ್ದೇನೆ. ಆದರೆ ಹದಿನೈದು ವರ್ಷ ನಿಂತಿದೆ ಎನ್ನುವುದು, ಆ ಹದಿನೈದು ವರ್ಷಗಳಲ್ಲಿ ಬಂದ ಮಳೆಯನ್ನು ಅದು ತಡೆದಿದೆ ಎಂದಷ್ಟೇ ಹೇಳುತ್ತದೆ; ಅದಕ್ಕಿಂತ ದೊಡ್ಡ ಮಳೆಯ ವಿಷಯದಲ್ಲಿ ಅದು ಏನನ್ನೂ ಹೇಳುವುದಿಲ್ಲ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡವೂ ಕೆಲವು ಮಳೆಗಾಲ ನಿಂತೇ ಇತ್ತು. 2024ರ ಜುಲೈ 16ರಂದು ಅದು ಜರಿದು, ರಸ್ತೆ ಬದಿಯ ಚಹಾ ಅಂಗಡಿಯನ್ನೂ ಲಾರಿಯನ್ನೂ ಗಂಗಾವಳಿ ನದಿಗೆ ತಳ್ಳಿತು. ತೀರ್ಥಹಳ್ಳಿಯವರೇ, ತಮ್ಮ ಧರೆಯ ಮೇಲ್ಭಾಗವನ್ನು ಪ್ರತಿ ವರ್ಷ ಜೂನ್ ಮತ್ತು ಆಗಸ್ಟ್‌ನಲ್ಲಿ ಒಮ್ಮೆ ನಡೆದು ನೋಡಿ ಎಂದು ಕೇಳಿಕೊಳ್ಳುತ್ತೇನೆ.

ಈಗ ಪ್ರಶ್ನೆ ಕೇಳಿದವರ ಜಾಗದ ವಿಷಯ. ಜೆಸಿಬಿಯವರು ಹೇಳಿದ ಎರಡೂ ದಾರಿಗಳು ಒಂದೇ ಇಳಿಜಾರಿಗೆ ಸೇರಿದವು ಎಂಬುದನ್ನು ಮೊದಲು ಗಮನಿಸಿ. ಇಳಿಜಾರೆಂದರೆ ತನ್ನ ಬುಡದ ಮಣ್ಣಿನ ಮೇಲೆ ತಾನೇ ಒರಗಿ ನಿಂತ ರಾಶಿ. ಮೊದಲನೆಯ ದಾರಿಯಲ್ಲಿ ಅದರ ಕಾಲನ್ನು ಕಡಿಯುತ್ತೀರಿ, ಎರಡನೆಯದರಲ್ಲಿ ಅದರ ತಲೆಯ ಮೇಲೆ ಹೊರೆ ಹೊರಿಸುತ್ತೀರಿ. ಕೆಳಗಿರುವುದು ಎರಡು ಸಂದರ್ಭದಲ್ಲೂ ತಾಯಿಯವರ ಕೋಣೆಯೇ.

ಹೊರೆ ಎಂದಾಗ ಜನ ಕಾರಿನ ತೂಕವನ್ನು ಯೋಚಿಸುತ್ತಾರೆ. ನಿಮ್ಮ ಅಳತೆಗಳನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ. ಸಮತಟ್ಟಿನ ಆಚೆ ಹತ್ತು ಅಡಿ, ಅಗಲ ಹದಿನೆಂಟು ಅಡಿ, ತುಂಬುವ ಆಳ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಒಂಬತ್ತು ಅಡಿ. ಅಂದರೆ ಸುಮಾರು 810 ಘನ ಅಡಿ, 23 ಘನ ಮೀಟರ್ ಮಣ್ಣು. ಒಂದು ಘನ ಮೀಟರಿಗೆ 1.8 ಟನ್ ಹಿಡಿದರೂ 41 ಟನ್ ಆಗುತ್ತದೆ. ಸಾಮಾನ್ಯ ಕಾರು ಒಂದು, ಒಂದೂಕಾಲು ಟನ್ ತೂಗುತ್ತದೆ. ನೀವು ಧರೆಯ ತಲೆಯ ಮೇಲೆ ಎರಡು ಗಾಡಿ ನಿಲ್ಲಿಸುವುದಕ್ಕಾಗಿ ಮೂವತ್ತಕ್ಕೂ ಹೆಚ್ಚು ಕಾರುಗಳ ತೂಕವನ್ನು ಶಾಶ್ವತವಾಗಿ ಇಡಲು ಹೊರಟಿದ್ದೀರಿ, ಮೇಲಾಗಿ ತಡೆಗೋಡೆಯ ತೂಕವೂ ಇದೆ. ಮಳೆಗಾಲದಲ್ಲಿ ಆ ಮಣ್ಣು ನೀರು ಕುಡಿದು ಇನ್ನೂ ಭಾರವಾಗುತ್ತದೆ.

ಕೊಪ್ಪದ ಅಡಿಕೆ ತೋಟ:

ಮಡಿಕೇರಿಯವರೇ, ತಾವು ಬರೆದದ್ದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬುಡ ಕಡಿಯುವ ವಿಚಾರವನ್ನು ಇಂದೇ ಕೈಬಿಟ್ಟಿದ್ದೇವೆ, ಜೆಸಿಬಿಯವರಿಗೂ ಫೋನ್ ಮಾಡಿ ತಿಳಿಸಿದ್ದೇನೆ. ಎಂಜಿನಿಯರ್ ಸರ್, 41 ಟನ್ ಎಂದಾಗ ನಿಜಕ್ಕೂ ಗಾಬರಿಯಾಯಿತು. ಆದರೆ ಗೋಡೆಯನ್ನು ಚೆನ್ನಾಗಿ, ದಪ್ಪವಾಗಿ ಕಟ್ಟಿದರೆ ಅದು ತಡೆಯುವುದಿಲ್ಲವೇ? ನಮ್ಮೂರಿನಲ್ಲಿ ಸೈಜುಗಲ್ಲಿನ ಗೋಡೆ ಕಟ್ಟುವ ಒಳ್ಳೆಯ ಕೆಲಸಗಾರರಿದ್ದಾರೆ. ಕೆಲವರು ಧರೆಗೆ ಲಾವಂಚ ನೆಟ್ಟರೆ ಸಾಕು ಎಂದೂ ಹೇಳುತ್ತಾರೆ.

ಕಟ್ಟಡ ಲೆಕ್ಕ:

ಗೋಡೆಗೆ ಬರುವ ಒತ್ತಡದಲ್ಲಿ ಮಣ್ಣಿಗಿಂತ ನೀರಿನ ಪಾಲು ದೊಡ್ಡದು. ಸಾಧಾರಣ ಮಣ್ಣು ಒಣಗಿರುವಾಗ ಮೂರು ಮೀಟರ್ ಎತ್ತರದ ಗೋಡೆಯನ್ನು, ಪ್ರತಿ ಮೀಟರ್ ಉದ್ದಕ್ಕೆ, ಸುಮಾರು 2.7 ಟನ್ ಬಲದಿಂದ ತಳ್ಳುತ್ತದೆ. ಅದೇ ಗೋಡೆಯ ಹಿಂದೆ ತುದಿಯವರೆಗೂ ನೀರು ನಿಂತರೆ, ತಳ್ಳುವ ಬಲ 5.8 ಟನ್ನಿನ ಹತ್ತಿರಕ್ಕೆ, ಅಂದರೆ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ಮಡಿಕೇರಿಯವರ ಮನೆಯಲ್ಲಿ ಪೈಪು ಕಟ್ಟಿಕೊಂಡ ಮಧ್ಯಾಹ್ನ ಗೋಡೆಯ ಹಿಂದೆ ನಡೆದದ್ದು ಇದೇ. ಎತ್ತರದ ವಿಷಯವೂ ಹಾಗೆಯೇ: ಗೋಡೆಯ ಎತ್ತರ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ, ಗೋಡೆಯನ್ನು ಮಗುಚುವ ಬಲ ಎಂಟು ಪಟ್ಟಾಗುತ್ತದೆ. ಐದು ಅಡಿಯ ಪಾಗಾರವನ್ನು ಚೆನ್ನಾಗಿ ಕಟ್ಟಿದ ಮೇಸ್ತ್ರಿ ಹತ್ತು ಅಡಿಯ ತಡೆಗೋಡೆಯನ್ನೂ ಅದೇ ಅಂದಾಜಿನಲ್ಲಿ ಕಟ್ಟಿದರೆ ಅಪಾಯವಾಗುವುದು ಈ ಕಾರಣಕ್ಕೆ.

ಕಟ್ಟಲೇಬೇಕಾದ ಕಡೆ ಹೇಗೆ ಕಟ್ಟಬೇಕೆಂಬುದಕ್ಕೆ ಭಾರತೀಯ ಮಾನಕಗಳಿವೆ. ಗುಡ್ಡಗಾಡಿನ ತಡೆಗೋಡೆಗಳಿಗೆ ಐಎಸ್ 14458 ಎಂಬುದಿದೆ. ಸ್ವಂತ ತೂಕದಿಂದ ನಿಲ್ಲುವ ಕಲ್ಲಿನ ಗೋಡೆಯಾದರೆ ಅದರ ತಳದ ಅಗಲ ಎತ್ತರದ ಅರ್ಧಕ್ಕಿಂತ ಹೆಚ್ಚಿರಬೇಕು; ಹತ್ತು ಅಡಿ ಎತ್ತರಕ್ಕೆ ಆರು ಅಡಿಯ ತಳ ಬೇಕಾಗಬಹುದು. ಬೆನ್ನಿಗೆ ಕನಿಷ್ಠ ಒಂದು ಅಡಿ ದಪ್ಪಕ್ಕೆ ಜಲ್ಲಿ ತುಂಬಬೇಕು, ಜಲ್ಲಿಗೂ ಮಣ್ಣಿಗೂ ನಡುವೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಬೇಕು, ಇಲ್ಲದಿದ್ದರೆ ನುಣುಪು ಮಣ್ಣು ಬಂದು ಜಲ್ಲಿಯ ಸಂದುಗಳನ್ನು ಮುಚ್ಚುತ್ತದೆ. ಮೂರು, ನಾಲ್ಕು ಇಂಚಿನ ಪೈಪುಗಳನ್ನು ಸುಮಾರು ಐದು ಅಡಿಗೊಂದರಂತೆ, ಹೊರಕ್ಕೆ ಇಳಿಜಾರಾಗಿ, ಮೇಲಿನ ಸಾಲಿನ ಪೈಪು ಕೆಳಗಿನ ಸಾಲಿನ ಎರಡು ಪೈಪುಗಳ ನಡುವೆ ಬರುವಂತೆ ಕೂರಿಸಬೇಕು. ಪೈಪು ಇಟ್ಟು ಹಿಂದೆ ಬರೀ ಮಣ್ಣು ತುಂಬಿದ ಗೋಡೆಗಳನ್ನೇ ನಾನು ಹೆಚ್ಚಾಗಿ ನೋಡಿರುವುದು. ನೋಡುವವರಿಗೆ ಪೈಪು ಕಾಣುತ್ತದೆ, ಜಲ್ಲಿ ಇಲ್ಲದಿರುವುದು ಕಾಣುವುದಿಲ್ಲ. ಆದ್ದರಿಂದ ಹಿಂಬದಿ ತುಂಬುವ ದಿನ ಮನೆಯವರು ಯಾರಾದರೂ ಖುದ್ದಾಗಿ ನಿಂತು ನೋಡಬೇಕು.

ಲಾವಂಚ ಒಳ್ಳೆಯ ಹುಲ್ಲು, ಅದರ ಬೇರು ಆರು ಅಡಿಗೂ ಆಳಕ್ಕೆ ಇಳಿಯುತ್ತದೆ, ಮೇಲ್ಮಣ್ಣು ಕೊಚ್ಚಿಹೋಗುವುದನ್ನು ತಡೆಯುತ್ತದೆ. ನಿಮ್ಮ ಇಳಿಜಾರಿಗೆ ಖಂಡಿತ ನೆಡಿ. ಆದರೆ ಬೇರಿಗಿಂತ ಕೆಳಗಿನ ಪದರದಲ್ಲಿ ಜಾರುವ ಮಣ್ಣನ್ನು ಅದು ಹಿಡಿಯಲಾರದು.

ಪುತ್ತೂರು ಮುರಕಲ್ಲು:

ಕೊಪ್ಪದವರೇ, ಅಲ್ಲಿಯ ಮಣ್ಣನ್ನು ಒಮ್ಮೆ ಅಗೆದು ನೋಡಿದ್ದೀರಾ? ನಮ್ಮ ದಕ್ಷಿಣ ಕನ್ನಡದಲ್ಲಿ ಮೇಲೆ ಗಟ್ಟಿ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಇರುತ್ತದೆ, ಅದರ ಕೆಳಗೆ ಶೇಡಿ ಮಣ್ಣು ಸಿಗುತ್ತದೆ. ಬಿಳಿ, ಹಳದಿ, ನಸುಗೆಂಪು ಬಣ್ಣದ ಪಟ್ಟಿಗಳಿರುವ ಆ ಮಣ್ಣನ್ನು ಬೇಸಿಗೆಯಲ್ಲಿ ಪಿಕಾಸಿಯಿಂದ ಅಗೆಯುವುದೂ ಕಷ್ಟ. ಅದರದೇ ಒಂದು ಹೆಂಟೆಯನ್ನು ಬಕೆಟ್ಟಿನ ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ, ಅಂಚಿನಿಂದ ಕರಗಿ ಗಂಜಿಯ ತಳದಂತೆ ಕುಳಿತುಬಿಡುತ್ತದೆ. ನಾನು ನನ್ನ ಜಾಗದ ಮೂರು ಕಡೆಯ ಮಣ್ಣನ್ನು ಹೀಗೆ ಪರೀಕ್ಷಿಸಿ, ಕರಗಿದ ಜಾಗವನ್ನು ಬಿಟ್ಟುಬಿಟ್ಟೆ. ಇದು ಪ್ರಯೋಗಾಲಯದ ಪರೀಕ್ಷೆಗೆ ಬದಲಿ ಅಲ್ಲ, ಆದರೆ ಜೆಸಿಬಿ ಕರೆಸುವ ಮೊದಲು ಮನೆಯವರೇ ಮಾಡಬಹುದಾದದ್ದು.

ಇನ್ನೊಂದು ಮಾತು. ಶೆಡ್ಡಿನ ಮಾಡಿನ ನೀರನ್ನು ಪಕ್ಕದಲ್ಲೇ ಇಂಗುಗುಂಡಿ ತೋಡಿ ಇಳಿಸುವ ಯೋಚನೆ ಇದ್ದರೆ ಬೇಡ. ಇಂಗುಗುಂಡಿ ಬಯಲಿನಲ್ಲಿ ಒಳ್ಳೆಯದು, ಧರೆಯ ತಲೆಯ ಮೇಲೆ ಅಲ್ಲ.

ಹಳೆಯ ಮೇಸ್ತ್ರಿ:

ನಾನು ನಲವತ್ತು ವರ್ಷ ಕಲ್ಲು ಕಟ್ಟಿದವನು, ಈಗ ಕೆಲಸ ಬಿಟ್ಟಿದ್ದೇನೆ. ಮಗ ಈ ಬರಹಗಳನ್ನು ಓದಿ ಹೇಳಿದ, ನಾನು ಹೇಳುವುದನ್ನು ಅವನೇ ಬರೆಯುತ್ತಿದ್ದಾನೆ.

ಕೊಪ್ಪದ ಯಜಮಾನರೇ, ನೀವು ಶೆಡ್ಡನ್ನು ರಸ್ತೆಗೆ ಅಡ್ಡವಾಗಿ ಯಾಕೆ ಇಡುತ್ತೀರಿ? ಅಡ್ಡ ಇಟ್ಟದ್ದರಿಂದಲೇ ಇಪ್ಪತ್ತೆರಡು ಅಡಿ ಬೇಕಾಯಿತು, ಇಪ್ಪತ್ತೆರಡು ಅಡಿ ಬೇಕಾದ್ದರಿಂದಲೇ ಗೋಡೆಯೂ ಮಣ್ಣೂ ಬಂದವು. ನಿಮ್ಮಲ್ಲಿ ಹನ್ನೆರಡು ಅಡಿ ಗಟ್ಟಿ ನೆಲ ಇದೆ. ಕಾರಿನ ಅಗಲ ಆರು ಅಡಿ ಮುಟ್ಟುವುದಿಲ್ಲ. ಶೆಡ್ಡನ್ನು ರಸ್ತೆಯ ಉದ್ದಕ್ಕೆ ತಿರುಗಿಸಿ, ಗಾಡಿಯನ್ನು ರಸ್ತೆಗೆ ಸಮನಾಗಿ ನಿಲ್ಲಿಸಿ. ಕಬ್ಬಿಣದ ಪೈಪಿನ ಕಂಬ, ಮೇಲೆ ಶೀಟು, ಅಷ್ಟೇ. ಧರೆಯ ಕಡೆಗೆ ಗೋಡೆ ಹಾಕಬೇಡಿ, ಜಾಲರಿ ಹಾಕಿದರೂ ನಡೆಯುತ್ತದೆ. ಒಂದು ಬುಟ್ಟಿ ಮಣ್ಣನ್ನೂ ಹೊರಗಿನಿಂದ ತರುವುದು ಬೇಡ. ಹಿಂದೆ ನಮ್ಮ ಕಡೆ ಎತ್ತಿನ ಗಾಡಿಯ ಕೊಟ್ಟಿಗೆಗಳನ್ನು ಹೀಗೆಯೇ ದಾರಿಯ ಉದ್ದಕ್ಕೆ ಕಟ್ಟುತ್ತಿದ್ದರು.

ಕಟ್ಟಡ ಲೆಕ್ಕ:

ಮೇಸ್ತ್ರಿಯವರಿಗೆ ನಮಸ್ಕಾರ. ನಾನು ಪಿಲ್ಲರ್ ಮೇಲೆ ಸ್ಲ್ಯಾಬ್ ಹಾಕಿ ಕೆಳಗೆ ಖಾಲಿ ಬಿಡುವ ವಿನ್ಯಾಸವನ್ನು ಸೂಚಿಸಬೇಕೆಂದಿದ್ದೆ. ಅದರಲ್ಲಿ ಧರೆಯ ಮೇಲೆ ಬೀಳುವ ತೂಕ ಹತ್ತು ಟನ್ನಿನ ಆಸುಪಾಸಿಗೆ ಇಳಿಯುತ್ತಿತ್ತು, ಆದರೆ ಇಳಿಜಾರಿನ ಮುಖದಲ್ಲಿ ನಿಲ್ಲುವ ಪಿಲ್ಲರುಗಳ ಪಾಯವನ್ನು ಬಹಳ ಆಳಕ್ಕೆ ಒಯ್ಯಬೇಕಾಗಿತ್ತು, ಖರ್ಚೂ ದೊಡ್ಡದು. ತಾವು ಹೇಳಿದ್ದು ಅದಕ್ಕಿಂತ ಎಷ್ಟೋ ಮೇಲು.

ಕಂಬಗಳ ಜಾಗವನ್ನು ಮಾತ್ರ ಲೆಕ್ಕದಿಂದ ನೋಡಬೇಕು. ಪಾಯಗಳಿಗಿರುವ ಮಾನಕ ಐಎಸ್ 1904ರ ಪ್ರಕಾರ ಇಳಿಜಾರಿನ ಹತ್ತಿರದ ಪಾಯದ ತಳದ ಅಂಚಿಗೂ ಇಳಿಜಾರಿನ ಮುಖಕ್ಕೂ ನಡುವೆ, ಮಣ್ಣಾದರೆ ಕನಿಷ್ಠ 90 ಸೆಂಟಿಮೀಟರ್ ಅಡ್ಡ ದೂರ ಇರಬೇಕು. ಜೊತೆಗೆ ಆ ತಳದ ಅಂಚಿನಿಂದ ಕೆಳಮುಖವಾಗಿ, ಸಮತಲಕ್ಕೆ 30 ಡಿಗ್ರಿಯಲ್ಲಿ ಎಳೆದ ಗೆರೆ ಇಳಿಜಾರಿನ ಮುಖವನ್ನು ಕತ್ತರಿಸಬಾರದು. ನಿಮ್ಮ ಧರೆ ಸುಮಾರು 42 ಡಿಗ್ರಿ ಇದೆ. ಧರೆಯಂಚಿನಿಂದ ಮೂರು ಅಡಿ ಒಳಗೆ, ಮೂರು ಅಡಿ ಆಳಕ್ಕೆ ಪಾಯ ಹಾಕಿದರೆ, ಆ ಗೆರೆ ಕಡಿದಾದ ಭಾಗದ ಬುಡವನ್ನು ದಾಟುವಾಗ ನೆಲಕ್ಕಿಂತ ಒಂದೂವರೆ ಅಡಿ ಕೆಳಗೇ ಇರುತ್ತದೆ. ಅಲ್ಲಿಂದ ಮುಂದೆ ನೆಲ 30 ಡಿಗ್ರಿಗಿಂತ ಸೌಮ್ಯವಾಗಿದೆಯೇ ಎಂದು ಅಳೆದು ತಿಳಿಸಿ. ಧರೆಯಂಚು ಒಂದೇ ಗೆರೆಯಲ್ಲಿದೆಯೆಂದು ನಂಬಬೇಡಿ, ಸಮತಟ್ಟಿನ ಅಗಲವನ್ನೂ ಎರಡು ಮೂರು ಕಡೆ ಅಳೆಯಿರಿ. ಹಗುರವಾದ ಮಾಡು ಗಾಳಿಗೆ ಏಳುತ್ತದೆ, ಆದ್ದರಿಂದ ಕಂಬಗಳ ಬುಡವನ್ನು ಕಾಂಕ್ರೀಟಿನಲ್ಲಿ ಬೋಲ್ಟ್ ಹಾಕಿ ಬಿಗಿಯಬೇಕು, ಬರೀ ಹೂತರೆ ಸಾಲದು.

ಕೊಪ್ಪದ ಅಡಿಕೆ ತೋಟ:

ಎರಡು ವಾರ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ತಮ್ಮನೂ ನಾನೂ ಸೇರಿ ಅಳೆದೆವು. ಸಮತಟ್ಟು ಒಂದು ಕಡೆ 12 ಅಡಿ, ನಡುವೆ 11 ಅಡಿ 8 ಇಂಚು, ಕೊನೆಯಲ್ಲಿ 12 ಅಡಿ 3 ಇಂಚು ಇದೆ. ಧರೆಯ ಕೆಳಗಿನ ಭಾಗ ಹತ್ತು ಅಡಿಗೆ ನಾಲ್ಕು ಅಡಿ ಇಳಿಯುತ್ತದೆ. ಪುತ್ತೂರಿನವರು ಹೇಳಿದಂತೆ ಮಣ್ಣನ್ನು ನೀರಿಗೆ ಹಾಕಿ ನೋಡಿದೆವು. ಸಮತಟ್ಟಿನ ಮೂರು ಅಡಿ ಆಳದ ಜಂಬಿಟ್ಟಿಗೆ ಮರುದಿನವೂ ಹಾಗೆಯೇ ಇತ್ತು, ಹಿತ್ತಿಲಿನ ಕಡೆಯ ಬುಡದ ಮಣ್ಣು ಅರ್ಧ ಗಂಟೆಯಲ್ಲಿ ಕರಗಿತು. ಅಲ್ಲಿಯೇ ನಾವು ಹನ್ನೆರಡು ಅಡಿ ಕಡಿಯಲು ಹೊರಟಿದ್ದೆವು.

ಶೆಡ್ಡನ್ನು ರಸ್ತೆಯ ಉದ್ದಕ್ಕೇ ಮಾಡುತ್ತೇವೆ. ಸದ್ಯ ಕಾರಿಗೆ ಮಾತ್ರ, ಜೀಪು ಕೆಳಗಿನ ಅಂಗಳದಲ್ಲಿ ಟಾರ್ಪಾಲಿನಡಿ ಇರಲಿ ಎಂದು ಅಮ್ಮನೂ ಹೇಳಿದರು. ಸಮತಟ್ಟು ಪೂರ್ತಿ ನಮ್ಮ ಹೆಸರಿನ ಜಾಗವೇ ಎಂದು ಸರ್ವೆ ನಕ್ಷೆಯಲ್ಲಿ ನೋಡಿಕೊಂಡು, ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇನೆ. ನೀರಿನ ವಿಷಯದಲ್ಲಿ ಇನ್ನೇನು ಮಾಡಬೇಕು ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಕಟ್ಟಡ ಲೆಕ್ಕ:

ಹತ್ತಕ್ಕೆ ನಾಲ್ಕು ಎಂದರೆ 22 ಡಿಗ್ರಿ, ಸಮಾಧಾನಕರವಾಗಿದೆ. ಇನ್ನು ನೀರು. ಇಪ್ಪತ್ತು ಅಡಿ ಉದ್ದ ಹತ್ತು ಅಡಿ ಅಗಲದ ಮಾಡಿನ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ 1,800 ಲೀಟರಿಗೂ ಹೆಚ್ಚು ನೀರಾಗುತ್ತದೆ, ಮಲೆನಾಡಿನಲ್ಲಿ ಅಂಥ ದಿನಗಳು ಅಪರೂಪವಲ್ಲ. ಮಾಡಿನ ಇಳಿಜಾರನ್ನು ರಸ್ತೆಯ ಕಡೆಗೆ ಕೊಟ್ಟು, ದಂಬೆ ಕಟ್ಟಿ, ಆ ನೀರನ್ನು ಪೈಪಿನಲ್ಲಿ ಧರೆಯಿಲ್ಲದ ಕಡೆಯ ಹಳ್ಳಕ್ಕೆ ಸೇರಿಸಿ. ಅದಕ್ಕಿಂತ ದೊಡ್ಡ ನೀರು ರಸ್ತೆಯದು. ರಸ್ತೆಯ ಮೇಲ್ಬದಿಯ ಚರಂಡಿ ಮುಚ್ಚಿಹೋದರೆ ಇಡೀ ಗುಡ್ಡದ ನೀರು ರಸ್ತೆಯನ್ನು ದಾಟಿ ನೇರವಾಗಿ ನಿಮ್ಮ ಸಮತಟ್ಟಿಗೇ ನುಗ್ಗುತ್ತದೆ. ಹತ್ತಿರದ ಮೋರಿಯವರೆಗೂ ಆ ಚರಂಡಿಯನ್ನು ಮೇ ತಿಂಗಳಲ್ಲಿಯೇ ಬಿಡಿಸಿಡಿ.

ಮಡಿಕೇರಿ ಬರೆಮನೆ:

ಓದಿ ಮನಸ್ಸು ಹಗುರವಾಯಿತು. ಧರೆಯಂಚಿನಲ್ಲಿ ಎಂಟು ಅಡಿಗೊಂದರಂತೆ ಸಾಲಾಗಿ ಗೂಟಗಳನ್ನು ನೆಟ್ಟು, ಮೇಲೆ ಬಿಗಿಯಾಗಿ ನೈಲಾನ್ ದಾರ ಕಟ್ಟಿಬಿಡಿ. ಮಳೆಗಾಲದಲ್ಲಿ ಹಾಲಿಗೆ ಹೋಗುವಾಗ ಅದನ್ನೊಮ್ಮೆ ನೋಡಿ. ಯಾವುದಾದರೂ ಗೂಟ ಸಾಲಿನಿಂದ ಹೊರಕ್ಕೆ ಸರಿದಿದ್ದರೆ, ಹಿಂದೆ ನೆಲದಲ್ಲಿ ಹೊಸ ಬಿರುಕು ಕಂಡರೆ, ಬುಡದಲ್ಲಿ ಹಿಂದೆ ಇಲ್ಲದ ಕಡೆ ಒರತೆ ಎದ್ದರೆ ಅಥವಾ ಬರುತ್ತಿದ್ದ ತಿಳಿನೀರು ಕೆಂಪಾದರೆ, ಆ ಹೊತ್ತು ಕಾರಿನ ಯೋಚನೆ ಬಿಟ್ಟು ಮೊದಲು ಅಮ್ಮನವರನ್ನು ಹಿತ್ತಿಲ ಕೋಣೆಯಿಂದ ಹೊರಗೆ ಕರೆತನ್ನಿ. ಸಾಧ್ಯವಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ಹಾಸಿಗೆಯನ್ನು ಮುಂದಿನ ಕೋಣೆಗೆ ಹಾಕಿಕೊಡಿ. ನಮ್ಮ ಮನೆಯಲ್ಲಿ ಈಗ ಪ್ರತಿ ವರ್ಷ ಹಾಗೆಯೇ ಮಾಡುತ್ತೇವೆ.

ಕೊಪ್ಪದ ಅಡಿಕೆ ತೋಟ:

ನಿನ್ನೆ ಸಂಜೆ ಆರು ಗೂಟ ನೆಟ್ಟು ದಾರ ಕಟ್ಟಿದೆವು. ಅಮ್ಮನ ಮಂಚವನ್ನು ತಮ್ಮನೂ ನಾನೂ ಸೇರಿ ಪಡಸಾಲೆಗೆ ತಂದಿಟ್ಟಿದ್ದೇವೆ. ಬುಧವಾರ ಕಂಬದ ಗುಂಡಿ ತೆಗೆಯಲು ಆಳುಗಳು ಬರುತ್ತಾರೆ, ಕೈಯಿಂದಲೇ ತೆಗೆಸುತ್ತೇನೆ.